ಕುನ್ನಿ ಆಟಿಕೆಯ ಚೂರು ನುಂಗಿದಾಗ: ಮೊದಲ ನಿಮಿಷದಿಂದ ಮೂರನೇ ದಿನದವರೆಗೆ

ರಬ್ಬರ್ ಬಾತುಕೋಳಿಯ ಕೊಕ್ಕು ಕಾಣುತ್ತಿಲ್ಲ, ಕುನ್ನಿ ಮೂಲೆಯಲ್ಲಿ ಕೂತು ನಾಲಿಗೆ ಚಪ್ಪರಿಸುತ್ತಿದೆ. ಇಂಥ ಹೊತ್ತಲ್ಲಿ ಮನೆಯಲ್ಲಿ ಒಬ್ಬರು ಅದರ ಗಂಟಲಿಗೆ ಬೆರಳು ಹಾಕಲು ಹೋಗುತ್ತಾರೆ, ಇನ್ನೊಬ್ಬರು ಅಡುಗೆಮನೆಯಿಂದ ಉಪ್ಪುನೀರು ಕಲಸಿ ತರುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಮೊದಲು ಅದರ ಉಸಿರಾಟ ನೋಡಿ, ಆಮೇಲೆ ಗಡಿಯಾರ ನೋಡಿ, ಆಮೇಲೆ ಉಳಿದ ಆಟಿಕೆಯನ್ನು ಕೈಗೆ ತೆಗೆದುಕೊಳ್ಳಿ. ಮುಂದಿನದನ್ನೆಲ್ಲ ತೀರ್ಮಾನಿಸುವುದು ಇವೇ ಮೂರು: ಉಸಿರು, ನುಂಗಿ ಎಷ್ಟು ಹೊತ್ತಾಯಿತು, ನುಂಗಿದ್ದು ಏನು.

ಉಸಿರು ಕಟ್ಟಿದ್ದರೆ

ಕುನ್ನಿ ಶಬ್ದ ಮಾಡಿ ಕೆಮ್ಮುತ್ತಿದ್ದರೆ ಗಾಳಿ ಇನ್ನೂ ಒಳಗೆ ಹೋಗುತ್ತಿದೆ ಎಂದರ್ಥ. ಕೆಮ್ಮಲು ಬಿಡಿ. ಆ ಕೆಮ್ಮಿಗಿರುವ ಬಲ ನಿಮ್ಮ ಕೈಗಿಲ್ಲ. ಬೆನ್ನಿಗೆ ಹೊಡೆಯದೆ, ಕುತ್ತಿಗೆಪಟ್ಟಿ ಬಿಚ್ಚಿ, ನೇರ ದವಾಖಾನೆಗೆ ಹೊರಡಿ.

ಶಬ್ದವೇ ಇಲ್ಲದೆ ಬಾಯಿ ತೆರೆದು ಒದ್ದಾಡುತ್ತಿದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದೆ, ನಾಲಿಗೆ ಮತ್ತು ವಸಡು ನೀಲಿಗೆ ತಿರುಗುತ್ತಿದೆ ಎಂದರೆ ಶ್ವಾಸನಾಳವೇ ಮುಚ್ಚಿದೆ. ಆಗ ದವಾಖಾನೆಯವರೆಗೆ ಹೋಗುವಷ್ಟು ಸಮಯ ಇರುವುದಿಲ್ಲ. ಅಲ್ಲೇ ಕೆಲಸ ಶುರು ಮಾಡಬೇಕು.

1. ಒಬ್ಬರು ಎರಡೂ ದವಡೆ ಹಿಡಿದು ಬಾಯಿ ತೆರೆಯಿರಿ, ಇನ್ನೊಬ್ಬರು ಮೊಬೈಲ್ ಟಾರ್ಚ್ ಹಿಡಿಯಿರಿ. ನಾಲಿಗೆಯನ್ನು ಬಟ್ಟೆಯಿಂದ ಹಿಡಿದು ಮುಂದಕ್ಕೆ ಎಳೆಯಿರಿ. ವಸ್ತು ಕಣ್ಣಿಗೆ ಕಂಡರೆ ಮಾತ್ರ ಪಕ್ಕದಿಂದ ಬೆರಳು ಹಾಕಿ, ಕೊಕ್ಕೆಯಂತೆ ಬಾಗಿಸಿ ಹೊರಗೆ ತೆಗೆಯಿರಿ. ಕಾಣದಿದ್ದರೆ ಕುರುಡಾಗಿ ಬೆರಳು ಆಡಿಸಬೇಡಿ, ಚೂರು ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ. ನಾಲಿಗೆಯ ಬುಡದಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಸಣ್ಣ ಎಲುಬು ಕುನ್ನಿಯದೇ. ಗಾಬರಿಯಲ್ಲಿ ಅದನ್ನೇ ಆಟಿಕೆ ಎಂದು ತಿಳಿದು ಎಳೆಯುವವರಿದ್ದಾರೆ.

2. ಸಣ್ಣ ಕುನ್ನಿಯಾದರೆ ಹಿಂದೊಡೆಗಳನ್ನು ಹಿಡಿದು ತಲೆ ಕೆಳಗಾಗುವಂತೆ ಎತ್ತಿ, ಹೆಗಲ ಎಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ತಟ್ಟಿ. ಮತ್ತೆ ಬಾಯಿ ನೋಡಿ.

3. ಬರಲಿಲ್ಲವೆಂದರೆ ಅದರ ಬೆನ್ನು ನಿಮ್ಮ ಎದೆಗೆ ತಾಗುವಂತೆ ಹಿಡಿದುಕೊಳ್ಳಿ. ಪಕ್ಕೆಲುಬು ಮುಗಿಯುವಲ್ಲಿ, ಹೊಟ್ಟೆಯ ನಡುಭಾಗದಲ್ಲಿ ಎರಡು ಮೂರು ಬೆರಳು ಇಟ್ಟು ಒಳಕ್ಕೂ ಮೇಲಕ್ಕೂ ಝಟ್ಟನೆ 5 ಸಲ ಒತ್ತಿ. ದೊಡ್ಡ ತಳಿಯ ಮರಿಗೆ ಮುಷ್ಟಿ ಬಳಸಬಹುದು. ಅಂಗೈಯಲ್ಲಿ ಹಿಡಿಸುವ ಮರಿಗೆ ಮುಷ್ಟಿಯ ಬಲ ಹಾಕಿದರೆ ಈಲಿ (ಯಕೃತ್ತು) ಹರಿಯುತ್ತದೆ.

4. ಸಿಕ್ಕಿದ್ದು ಚೆಂಡಾದರೆ ಉಪಾಯ ಬೇರೆ. ಎಂಜಲು ಹತ್ತಿದ ಚೆಂಡು ಬೆರಳಿಗೆ ಜಾರುತ್ತದೆ, ಹಿಡಿಯಲು ಹೋದಷ್ಟೂ ಒಳಗೆ ಹೋಗುತ್ತದೆ. ಕುನ್ನಿಯನ್ನು ಅಂಗಾತ ಮಲಗಿಸಿ, ಕುತ್ತಿಗೆಯ ಹೊರಗಿನಿಂದ ಗದ್ದದ ಕೆಳಗೆ ಚೆಂಡು ಎಲ್ಲಿದೆ ಎಂದು ತಡವಿ ನೋಡಿ. ಎರಡೂ ಹೆಬ್ಬೆರಳನ್ನು ಅದರ ಹಿಂದೆ ಇಟ್ಟು ಬಾಯಿಯ ಕಡೆಗೆ ದೂಡಿ.

5. ಎಚ್ಚರ ತಪ್ಪಿ ಉಸಿರು ನಿಂತರೆ ಪಕ್ಕಕ್ಕೆ ಮಲಗಿಸಿ ಎದೆ ಒತ್ತಬೇಕು. ಸಣ್ಣ ಮರಿಗೆ ಒಂದೇ ಕೈಯಿಂದ ಎದೆಯನ್ನು ಎರಡೂ ಕಡೆ ಹಿಡಿದು, ಎದೆಯ ಅಗಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಸಲ ಒತ್ತಿದ ಮೇಲೆ ಅದರ ಬಾಯಿ ಮುಚ್ಚಿ ಮೂಗಿನ ಮೂಲಕ 2 ಸಲ ಉಸಿರು ಊದಿ. ಎದೆ ಏರುವುದು ಕಂಡರೆ ಸಾಕು, ಜೋರಾಗಿ ಊದಬೇಡಿ.

ಚೂರು ಹೊರಬಂದು ಕುನ್ನಿ ಎದ್ದು ಓಡಾಡಿದರೂ ಅವತ್ತೇ ವೈದ್ಯರಿಗೆ ತೋರಿಸಿ. ಉಸಿರುಗಟ್ಟಿದ ಮರಿಯ ಶ್ವಾಸಕೋಶದಲ್ಲಿ ಕೆಲವು ತಾಸಿನ ನಂತರ ನೀರು ತುಂಬಿಕೊಳ್ಳುವುದುಂಟು.

ಉಸಿರಾಟ ಸರಿಯಿದ್ದರೆ: ಚೂರು ಜೋಡಿಸಿ ಲೆಕ್ಕ ಹಾಕಿ

ಈಗ ನಿಮಗೆ ಹತ್ತು ನಿಮಿಷ ಇದೆ. ಹಳೆಯ ಪೇಪರ್ ಹಾಸಿ, ಆಟಿಕೆಯ ಉಳಿದ ಚೂರುಗಳನ್ನೆಲ್ಲ ಮಂಚದ ಕೆಳಗಿನಿಂದ, ಸೋಫಾ ಸಂದಿಯಿಂದ, ಚಪ್ಪಲಿ ಗೂಡಿನಿಂದ ಆರಿಸಿ ತಂದು ಅದರ ಮೇಲೆ ಹಾಕಿ. ಒಡೆದ ಗಡಿಗೆಯ ಬೋಕಿ ಕೂಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಇಡಿ. ಬಾತುಕೋಳಿಯ ತಲೆ ಇದೆ, ರೆಕ್ಕೆ ಇದೆ, ಹೊಟ್ಟೆಯ ಅಡಿಯಲ್ಲಿ ಒಂದು ದುಂಡನೆ ತೂತಿದೆ. ಅಲ್ಲಿದ್ದ ಪೀಪಿ ಎಲ್ಲಿ? ಕೊನೆಗೆ ಖಾಲಿ ಉಳಿದ ಜಾಗದ ಅಳತೆಯೇ ಹೊಟ್ಟೆಯೊಳಗಿನ ಚೂರಿನ ಅಳತೆ. ಸ್ಕೇಲ್ ಇಟ್ಟು ಒಂದು ಫೋಟೋ ತೆಗೆಯಿರಿ, ಸ್ಕೇಲ್ ಇಲ್ಲದಿದ್ದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಎಷ್ಟೋ ಸಲ ಇಲ್ಲಿಗೇ ಗಾಬರಿ ಮುಗಿಯುತ್ತದೆ, ಕಳೆದ ಚೂರು ಹಾಸಿಗೆಯ ಮಡಿಕೆಯಲ್ಲೇ ಸಿಗುತ್ತದೆ.

ಜೋಡಿಸಿದ್ದನ್ನು ಕಸಕ್ಕೆ ಹಾಕಬೇಡಿ. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಜೊತೆಗೆ ಒಯ್ಯಿರಿ. ಅದೇ ಆಟಿಕೆ ಇನ್ನೊಂದು ಮನೆಯಲ್ಲಿದ್ದರೆ ಅದೂ ಇರಲಿ. ಯಾಕೆ ಎಂಬುದು ಮುಂದೆ ಎಕ್ಸ್‌ರೇ ವಿಷಯದಲ್ಲಿ ಬರುತ್ತದೆ.

ಆಮೇಲೆ ತೂಕ. ಅರಿವಳಿಕೆ, ವಾಂತಿಯ ಔಷಧ, ಸಲೈನ್ ಎಲ್ಲದರ ಪ್ರಮಾಣ ತೂಕದ ಮೇಲೆ ನಿಂತಿದೆ. ಕುನ್ನಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಇಳಿಸಿ ಮತ್ತೊಮ್ಮೆ ನಿಲ್ಲಿ, ಒಂದರಿಂದ ಒಂದು ಕಳೆಯಿರಿ. ಯಂತ್ರ ಇಲ್ಲದಿದ್ದರೆ ದವಾಖಾನೆಯಲ್ಲೇ ತೂಗಿಸಿದರಾಯಿತು, ಅದಕ್ಕಾಗಿ ಹೊರಡುವುದು ತಡವಾಗಬಾರದು.

ಇನ್ನು ಫೋನ್. ವೈದ್ಯರಿಗೆ ಹೇಳಬೇಕಾದ್ದು ನಾಲ್ಕು ಮಾತು, ಅದೂ ಕ್ರಮವಾಗಿ: "ಸರ್, ನಮ್ಮ ಕುನ್ನಿ ಎರಡೂವರೆ ತಿಂಗಳದ್ದು, ಲ್ಯಾಬ್ರಡಾರ್, ಆರು ಕೆ.ಜಿ. ಅದರಿ. ಅರ್ಧ ತಾಸಿನ ಹಿಂದ ಆಟಿಕಿ ಒಳಗಿನ ಪೀಪಿ ನುಂಗ್ಯಾದ, ಪ್ಲಾಸ್ಟಿಕಿಂದು, ಒಂದ್ ರೂಪಾಯಿ ನಾಣ್ಯದಷ್ಟ ಅಗಲ. ಉಸಿರಾಟ ಸರಿ ಅದ, ವಾಂತಿ ಆಗಿಲ್ಲ. ಊಟ ಮಾಡಿದ್ದು ಮುಂಜಾನೆ ಎಂಟಕ್ಕ." ಇಷ್ಟು ಕೇಳಿದ ವೈದ್ಯರು ಬನ್ನಿ ಎನ್ನಬೇಕೋ, ಕಾಯಿರಿ ಎನ್ನಬೇಕೋ, ಎಕ್ಸ್‌ರೇ ಇರುವ ಕಡೆಗೆ ನೇರ ಹೋಗಿ ಎನ್ನಬೇಕೋ ಅಲ್ಲೇ ಹೇಳಬಲ್ಲರು. "ಸರ್, ಏನೋ ನುಂಗ್ಯಾದ್ರಿ" ಎಂದಷ್ಟೇ ಹೇಳಿದರೆ ಅವರಿಗೂ ದಾರಿ ಕಾಣುವುದಿಲ್ಲ.

ನುಂಗಿದ್ದು ಏನು

ಬಟನ್ ಸೆಲ್ (ಗುಂಡಿಯಂಥ ಚಪ್ಪಟೆ ಬ್ಯಾಟರಿ): ಇದಕ್ಕಿಂತ ಅವಸರದ್ದು ಬೇರೊಂದಿಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ, ಉರುಸಿನ ಅಂಗಡಿಗಳಲ್ಲಿ, ಸೂಪರ್ ಮಾರ್ಕೆಟ್ಟಿನ ಬೀದಿಬದಿಯಲ್ಲಿ ಸಿಗುವ ಮಿನುಗುವ ಚೆಂಡು, ಹಾಡುವ ಗೊಂಬೆಗಳೊಳಗೆ ಇರುವುದು ಇದೇ. ಅನೇಕ ಆಟಿಕೆಗಳಲ್ಲಿ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಕೂಡ ಇರುವುದಿಲ್ಲ. ಸೆಲ್ ಒಡೆದು ಆಸಿಡ್ ಸೋರಿದರೆ ಮಾತ್ರ ಅಪಾಯ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಅನ್ನನಾಳದ ಒದ್ದೆ ಗೋಡೆಗೆ ಸೆಲ್ ತಾಗಿ ನಿಂತರೆ ವಿದ್ಯುತ್ ಹರಿದು, ಋಣ ತುದಿಯ ಕಡೆ ಸುಣ್ಣದಂತೆ ಸುಡುವ ಕ್ಷಾರ ಉಂಟಾಗುತ್ತದೆ. ಸುಡುವುದು ಅರ್ಧ ತಾಸಿನೊಳಗೇ ಶುರುವಾಗುತ್ತದೆ, ಎರಡು ತಾಸಿನಲ್ಲಿ ಗಾಯ ಆಳಕ್ಕಿಳಿಯುತ್ತದೆ. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಸಿಆರ್2032 ಎಂಬ ನಮೂನೆ ಎಲ್ಲಕ್ಕಿಂತ ಕೆಟ್ಟದ್ದು, ಅದರ ಅಗಲ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವಷ್ಟಿದೆ. ವಾಂತಿ ಮಾಡಿಸಲೇಬಾರದು. ರಾತ್ರಿಯೋ ಹಗಲೋ ನೋಡದೆ ಹೊರಡಬೇಕು.

ಅಯಸ್ಕಾಂತ: ಒಂದೇ ಇದ್ದರೆ ಹೊರಹೋಗುವ ಸಾಧ್ಯತೆಯಿದೆ. ಎರಡಿದ್ದರೆ, ಅಥವಾ ಒಂದು ಅಯಸ್ಕಾಂತದ ಜೊತೆ ಇನ್ನೊಂದು ಕಬ್ಬಿಣದ ಚೂರಿದ್ದರೆ, ಕರುಳಿನ ಎರಡು ಸುರುಳಿಗಳಲ್ಲಿ ನಿಂತು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನಡುವೆ ಸಿಕ್ಕ ಕರುಳಿಗೆ ರಕ್ತ ಹರಿಯದೆ ಅಲ್ಲಿ ತೂತು ಬೀಳುತ್ತದೆ. ಎಷ್ಟು ನುಂಗಿದೆ ಎಂದು ಖಚಿತವಿಲ್ಲದಿದ್ದರೆ ಎರಡೆಂದೇ ತಿಳಿದು ನಡೆಯಿರಿ.

ದಾರ, ಹಗ್ಗದ ಆಟಿಕೆಯ ಎಳೆ: ನೋಡಲು ಮೆತ್ತಗೆ, ಒಳಗೆ ಮಹಾ ಕೆಡುಕು. ಎಳೆಯ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಗಿಲಲ್ಲೋ ಸಿಕ್ಕಿರುತ್ತದೆ. ಇನ್ನೊಂದು ತುದಿಯನ್ನು ಕರುಳು ಮುಂದೆ ಮುಂದೆ ಎಳೆಯುತ್ತಲೇ ಇರುತ್ತದೆ. ಪೈಜಾಮದ ಲಾಡಿ ಎಳೆದಾಗ ಬಟ್ಟೆ ನೆರಿಗೆ ನೆರಿಗೆಯಾಗಿ ಕೂಡುತ್ತದಲ್ಲ, ಕರುಳೂ ಹಾಗೇ ದಾರದ ಮೇಲೆ ಕೂಡುತ್ತದೆ. ಪ್ರತಿ ನೆರಿಗೆಯ ಒಳಬದಿಯನ್ನು ದಾರ ಗರಗಸದಂತೆ ಕೊಯ್ಯುತ್ತದೆ. ಅದಕ್ಕೇ ಬಾಯಿಂದಾಗಲಿ ಗುದದಿಂದಾಗಲಿ ದಾರ ಹೊರಗೆ ಕಂಡರೆ ಎಳೆಯಬಾರದು. ಗುದದಿಂದ ಇಳಿಬಿದ್ದದ್ದನ್ನು ಒಂದೆರಡು ಇಂಚು ಬಿಟ್ಟು ಕತ್ತರಿಸಬಹುದು, ಬಾಯಿಯ ಕಡೆಯದನ್ನು ವೈದ್ಯರೇ ನೋಡಲಿ.

ಪ್ಲಾಸ್ಟಿಕ್ ಪೀಪಿ, ರಬ್ಬರ್ ತುಂಡು: ಹೆಚ್ಚಿನ ಪ್ರಸಂಗಗಳು ಇಂಥವೇ. ಎರಡು ಮೂರು ತಿಂಗಳ ಮರಿಯ ಸಣ್ಣಕರುಳು ನಿಮ್ಮ ಕಿರುಬೆರಳಿನಷ್ಟು ದಪ್ಪ ಎಂದು ಅಂದಾಜಿಡಿ. ಅವರೆಕಾಳಿನಷ್ಟು ಮೆತ್ತನೆ ರಬ್ಬರ್ ಚೂರು ಬಹುತೇಕ ಹೊರಬೀಳುತ್ತದೆ. ನಾಣ್ಯದಷ್ಟು ಅಗಲದ ಗಟ್ಟಿ ಪ್ಲಾಸ್ಟಿಕ್ ಒಂದು ಕಿಲೋ ತೂಗುವ ಪೊಮೆರೇನಿಯನ್ ಮರಿಯಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು, ಅದೇ ಚೂರು ಎಂಟು ಕಿಲೋದ ಲ್ಯಾಬ್ರಡಾರ್ ಮರಿಯಲ್ಲಿ ದಾಟಿಹೋಗಬಹುದು. ಆಟಿಕೆ ಒಂದೇ ಆದರೂ ಪಕ್ಕದ ಮನೆಯ ನಾಯಿಗೆ ಏನೂ ಆಗಲಿಲ್ಲ ಎಂಬ ಮಾತು ನಿಮ್ಮ ಮರಿಗೆ ಹೊಂದುವುದಿಲ್ಲ. ಚೂರಿನ ಅಂಚು ಗಾಜಿನಂತೆ ಒಡೆದಿದ್ದರೆ ಅಳತೆಯ ಲೆಕ್ಕ ಬಿಟ್ಟು ತೋರಿಸಿ.

ಗೊಂಬೆಯೊಳಗಿನ ಹತ್ತಿ ಒಂದು ಚಿಟಿಕೆಯಷ್ಟು ಹೋದರೆ ಸಾಮಾನ್ಯವಾಗಿ ಬೀಳುತ್ತದೆ, ಮುಷ್ಟಿ ತುಂಬ ಹೋದರೆ ಉಂಡೆಗಟ್ಟುತ್ತದೆ. ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳು ಸಾಸಿವೆಯಷ್ಟಿದ್ದವು ಹೊಟ್ಟೆಯಲ್ಲಿ ನೀರು ಕುಡಿದು ಗೋಲಿಯಷ್ಟಾಗಬಲ್ಲವು, ಸಾದಾ ಎಕ್ಸ್‌ರೇಯಲ್ಲಿ ಕಾಣುವುದೂ ಕಷ್ಟ. ಆಟಿಕೆಯ ಬೋಲ್ಟು, ಸ್ಕ್ರೂಗಳಿಗೆ ಸತುವಿನ ಲೇಪ ಇದ್ದರೆ ಜಠರದ ಆಮ್ಲದಲ್ಲಿ ಅದು ಕರಗಿ ರಕ್ತಕಣಗಳನ್ನು ಒಡೆಯುತ್ತದೆ. ವಸಡು ಬಿಳಿಚಿ, ಮೂತ್ರ ಕಂದುಗೆಂಪಾದರೆ ಅದನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಮಾವಿನ ವಾಟೆ ನುಂಗುವ ಮರಿಗಳೂ ಇವೆ. ಅದು ಆಟಿಕೆಯಲ್ಲ, ಆದರೆ ಕರುಳಿನಲ್ಲಿ ಮಾಡುವ ಕೆಲಸ ಗಟ್ಟಿ ಪ್ಲಾಸ್ಟಿಕ್ಕಿನದೇ.

ಮನೆಯಲ್ಲಿ ಏನು ಕುಡಿಸಬಾರದು

ಉಪ್ಪುನೀರು ಬೇಡ. ಎರಡು ಚಮಚ ಉಪ್ಪು ಸಣ್ಣ ಮರಿಯ ರಕ್ತದಲ್ಲಿ ಸೋಡಿಯಂ ಏರಿಸಿ ಮಿದುಳಿಗೆ ಏಟು ಕೊಡಬಲ್ಲದು, ನಡುಕ, ಫಿಟ್ಸ್ ಬರುತ್ತದೆ. ಕಿವಿ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎನ್ನುವ ವಿಡಿಯೋಗಳಿವೆ. ಅದು ಜಠರದ ಒಳಪದರವನ್ನು ಹುಣ್ಣು ಮಾಡುತ್ತದೆ, ಅದರ ನೊರೆ ಶ್ವಾಸಕೋಶಕ್ಕೆ ಹೋಗುತ್ತದೆ. ಔಡಲೆಣ್ಣೆ, ತುಪ್ಪ, ಒಳ್ಳೆಣ್ಣೆ ಹಾಕಿದರೆ ಜಾರಿ ಬೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಬಲವಂತವಾಗಿ ಹಾಕಿದ ಎಣ್ಣೆ ಕೆಮ್ಮು ಬರಿಸದೆ ಸದ್ದಿಲ್ಲದೆ ಶ್ವಾಸನಾಳಕ್ಕಿಳಿದು ನ್ಯುಮೋನಿಯ ತರುತ್ತದೆ. ಇನ್ನು ಭೇದಿಯ ಔಷಧ: ದಾರಿ ಮುಚ್ಚಿದ ಕರುಳನ್ನು ಮತ್ತಷ್ಟು ಜೋರಾಗಿ ಹಿಂಡಿದರೆ ಅದು ಹರಿಯುವುದೇ ಸರಿ.

ಮನುಷ್ಯರ ಮಾತ್ರೆಯೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಮೂರೂ ನಾಯಿಗೆ ವಿಷವಾಗಬಲ್ಲವು. ವಾಂತಿ ನಿಲ್ಲಿಸುವ ಔಷಧದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮೆಟೊಕ್ಲೊಪ್ರಮೈಡ್ ಜಠರ ಮತ್ತು ಕರುಳಿನ ಚಲನೆಯನ್ನು ಹೆಚ್ಚಿಸುವುದರಿಂದ ದಾರಿ ಕಟ್ಟಿದ್ದಾಗ ಕೊಡುವಂಥದ್ದಲ್ಲ. ಬೇರೆ ಔಷಧಗಳು ವಾಂತಿಯನ್ನಷ್ಟೇ ಮುಚ್ಚಿ, ಒಳಗಿನ ತೊಂದರೆಯನ್ನು ಎರಡು ದಿನ ಮರೆಮಾಡುತ್ತವೆ. ಯಾರೇ ಸೂಜಿ ಹಾಕಲು ಬಂದರೂ ಮೊದಲು "ಆಟಿಕೆ ನುಂಗಿದೆ" ಎಂದು ಹೇಳಿ.

ದವಾಖಾನೆ ಮುಟ್ಟುವವರೆಗೆ ಊಟ ಹಾಕಬೇಡಿ, ಅರಿವಳಿಕೆ ಕೊಡಬೇಕಾಗಿ ಬಂದರೆ ತುಂಬಿದ ಹೊಟ್ಟೆ ತೊಡಕು. ಆದರೆ ಮೂರು ತಿಂಗಳೊಳಗಿನ ಸಣ್ಣ ತಳಿಯ ಮರಿ ಬಹಳ ಹೊತ್ತು ಉಪವಾಸ ತಾಳುವುದಿಲ್ಲ, ಸಕ್ಕರೆ ಅಂಶ ಕುಸಿದು ತೂರಾಡುತ್ತದೆ. ಸುಸ್ತು ಕಂಡರೆ ಸಕ್ಕರೆ ನೀರನ್ನು ಬೆರಳಿಗೆ ಹಚ್ಚಿ ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ.

ಎಲ್ಲಿಗೆ, ಹೇಗೆ ಒಯ್ಯುವುದು

ಕಲ್ಯಾಣ ಕರ್ನಾಟಕದ ನಾವು ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ತಾಲ್ಲೂಕಿನ ದನದ ದವಾಖಾನೆಯಲ್ಲಿ ಒಳ್ಳೆಯ ವೈದ್ಯರಿರುತ್ತಾರೆ, ಆದರೆ ಸಣ್ಣ ಪ್ರಾಣಿಗೆ ಎಕ್ಸ್‌ರೇ, ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುವ ಅನುಕೂಲ ಎಲ್ಲ ಕಡೆ ಇರುವುದಿಲ್ಲ. ಮರಿ ಚೆನ್ನಾಗಿರುವಾಗಲೇ, ಲಸಿಕೆಗೆ ಹೋದ ದಿನ, ಮೂರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ: ನಾಯಿಗೆ ಎಕ್ಸ್‌ರೇ ಎಲ್ಲಿ ಆಗುತ್ತದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಕರುಳಿನ ಆಪರೇಷನ್ ಯಾರು ಮಾಡುತ್ತಾರೆ.

ಬೀದರ್‌ನವರಿಗೆ ಊರಲ್ಲೇ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣದಲ್ಲಿ. ಕಲಬುರಗಿಯಿಂದ ಅಲ್ಲಿಗೆ ಹುಮನಾಬಾದ್ ಮೇಲಿಂದ ಸುಮಾರು 110 ಕಿ.ಮೀ. ಯಾದಗಿರಿಯವರಿಗೆ ಕಲಬುರಗಿಯೂ ರಾಯಚೂರೂ ಹೆಚ್ಚುಕಡಿಮೆ ಒಂದೇ ದೂರ, 80 ಕಿ.ಮೀ. ಆಸುಪಾಸು. ಎಂಡೋಸ್ಕೋಪಿಗೆಂದು, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿಸಲೆಂದು, ಹೈದರಾಬಾದಿಗೆ ಹೋಗುವವರೂ ಉಂಟು. ಎಲ್ಲಿಗೇ ಆಗಲಿ, ಹೊರಡುವ ಮುನ್ನ ಫೋನ್ ಮಾಡಿ ಯಂತ್ರ ನಡೆಯುತ್ತಿದೆಯೇ, ವೈದ್ಯರು ಇದ್ದಾರೆಯೇ ಎಂದು ಕೇಳಿ. 110 ಕಿ.ಮೀ. ಹೋದ ಮೇಲೆ ಇಲ್ಲ ಎಂದರೆ ಕಳೆದ ಹೊತ್ತು ತಿರುಗಿ ಬರುವುದಿಲ್ಲ. ಏನೂ ತೋಚದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಹತ್ತಿರದ ವೈದ್ಯರು ಯಾರೆಂದು ಕೇಳಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟಿರುತ್ತದೆ. ವಾಂತಿ ಮಾಡುತ್ತಿರುವ ಮರಿಗೆ ಆ ಬಿಸಿಲಲ್ಲಿ ಮೈಯ ನೀರು ಬೇಗ ಆರುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ಅಥವಾ ಬುಟ್ಟಿಯಲ್ಲಿ ಒದ್ದೆ ಟವೆಲ್ ಹಾಸಿ ಮಲಗಿಸಿ, ಕಿಟಕಿ ತೆರೆದಿಡಿ. ಮಡಿಲಲ್ಲಿ ಹೊಟ್ಟೆ ಒತ್ತುವಂತೆ ಅಪ್ಪಿ ಹಿಡಿಯಬೇಡಿ. ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ.

ಅಲ್ಲಿ ಏನು ಮಾಡುತ್ತಾರೆ

ನುಂಗಿ ಎರಡು ತಾಸಿನೊಳಗಿದ್ದು, ಚೂರು ಮೆತ್ತಗಿದ್ದು, ಚೂಪಿಲ್ಲದಿದ್ದರೆ ವೈದ್ಯರು ಸೂಜಿ ಕೊಟ್ಟು ವಾಂತಿ ಮಾಡಿಸಬಹುದು. ಅಪೊಮಾರ್ಫಿನ್ ಅಥವಾ ಝೈಲಜಿನ್‌ನಂಥ ಔಷಧದಿಂದ ಕೆಲವೇ ನಿಮಿಷದಲ್ಲಿ ವಾಂತಿಯಾಗುತ್ತದೆ. ಇದಕ್ಕೇ ನುಂಗಿದ ಹೊತ್ತು ಸರಿಯಾಗಿ ಹೇಳಬೇಕು ಎನ್ನುವುದು. ಜಠರದಿಂದ ಕರುಳಿಗೆ ಇಳಿದ ಮೇಲೆ ವಾಂತಿಯಿಂದ ಏನೂ ಬರುವುದಿಲ್ಲ.

ಎಕ್ಸ್‌ರೇಯನ್ನು ಎರಡು ಮಗ್ಗುಲಿಂದ ತೆಗೆಯಬೇಕು, ಒಂದು ಪಕ್ಕಕ್ಕೆ ಮಲಗಿಸಿ, ಒಂದು ಅಂಗಾತ. ಲೋಹ, ಕಲ್ಲು, ಎಲುಬು ಬೆಳ್ಳಗೆ ಎದ್ದು ಕಾಣುತ್ತವೆ. ಪ್ಲಾಸ್ಟಿಕ್, ಬಟ್ಟೆ, ಮೆತ್ತನೆ ರಬ್ಬರ್ ಬಹಳ ಸಲ ಕಾಣುವುದೇ ಇಲ್ಲ. ಚೀಲದಲ್ಲಿ ತಂದ ಉಳಿದ ಚೂರು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಕುನ್ನಿಯ ಪಕ್ಕದಲ್ಲಿ ಪ್ಲೇಟಿನ ಮೇಲಿಟ್ಟು ತೆಗೆಯಲು ಕೇಳಿಕೊಳ್ಳಿ. ಹೊರಗಿನ ಚೂರು ಫಿಲ್ಮಿನಲ್ಲಿ ಕಂಡರೆ ಒಳಗಿನದೂ ಕಾಣಬೇಕು. ಹೊರಗಿನದೇ ಕಾಣದಿದ್ದರೆ "ಎಕ್ಸ್‌ರೇಯಲ್ಲಿ ಏನೂ ಇಲ್ಲ" ಎಂಬ ಮಾತಿಗೆ ಬೆಲೆಯಿಲ್ಲ, ಸ್ಕ್ಯಾನಿಂಗ್ ಅಥವಾ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ಸರಣಿ ಎಕ್ಸ್‌ರೇ ಬೇಕಾಗುತ್ತದೆ. ಕರುಳಿನ ಕೆಲವು ಸುರುಳಿಗಳು ಮಾತ್ರ ಗಾಳಿ ತುಂಬಿ ಉಬ್ಬಿದ್ದರೆ ಅದೂ ಒಂದು ಸಾಕ್ಷಿ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಮರಿಗೆ ವಾಂತಿ, ಸುಸ್ತು, ಊಟ ಬೇಡ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಪಾರ್ವೋ, ಮರಿಗಳಿಗೆ ವಾಂತಿಭೇದಿ ತರುವ ವೈರಸ್ ರೋಗ. ಬರುವುದೂ ಸರಿಯೇ, ಅದು ನಮ್ಮಲ್ಲಿ ತೀರ ಸಾಮಾನ್ಯ. ಹಾಗಾಗಿ ಆಟಿಕೆಯ ವಿಷಯ ಯಾರೂ ಹೇಳದೆ ಮೂರು ದಿನ ಸಲೈನ್ ಹಾಕಿಸಿ ಕಾಯುವುದು, ಅಷ್ಟರಲ್ಲಿ ಕರುಳು ಕಪ್ಪಾಗುವುದು ನಡೆಯುತ್ತದೆ. ಲಸಿಕೆಯ ಕಾರ್ಡು ಒಯ್ಯಿರಿ, ಪಾರ್ವೋ ಕಿಟ್ ಪರೀಕ್ಷೆ ಆಗಲಿ, ಆದರೆ ಆಟಿಕೆ ಒಡೆದಿದೆ ಎಂಬುದನ್ನು ಎರಡು ಸಲವಾದರೂ ಹೇಳಿ.

ಮುಧೋಳದಂಥ ತೆಳು ಮೈಯ ಬೇಟೆನಾಯಿಯ ಮರಿಯಾದರೆ ಅರಿವಳಿಕೆಗೆ ಮುಂಚೆ ತಳಿ ನೆನಪಿಸಿ. ಇಂಥವು ಥಯೋಪೆಂಟೋನ್‌ನಂಥ ಔಷಧದಿಂದ ಎಚ್ಚರಗೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ.

ಕಾಯಿರಿ ಎಂದು ಕಳಿಸಿದರೆ

ವೈದ್ಯರು ನೋಡಿ, ಚೂರು ಸಣ್ಣದು, ಮನೆಯಲ್ಲೇ ಗಮನಿಸಿ ಎಂದರೆ ಮುಂದಿನ 72 ತಾಸು ನಿಮ್ಮ ಕೆಲಸ. ಬಹುತೇಕ ಸಣ್ಣ ಚೂರುಗಳು ಒಂದರಿಂದ ಮೂರು ದಿನದಲ್ಲಿ ಹೊರಬೀಳುತ್ತವೆ.

ಊಟವನ್ನು ದಿನಕ್ಕೆ ನಾಲ್ಕೈದು ಸಣ್ಣ ಪಾಲು ಮಾಡಿ. ಮೆತ್ತಗೆ ಬೇಯಿಸಿದ ಅನ್ನ, ಎಲುಬು ತೆಗೆದ ಬೇಯಿಸಿದ ಕೋಳಿ, ಜೊತೆಗೆ ಮಸಾಲೆ ಉಪ್ಪು ಹಾಕದ ಬೇಯಿಸಿದ ಕುಂಬಳಕಾಯಿ ಒಂದು ಚಮಚ ಸಾಕು. ಹೊಸ ತಿನಿಸು ಶುರು ಮಾಡಬೇಡಿ, ಅದರಿಂದ ಭೇದಿಯಾದರೆ ಯಾವುದು ಏತರಿಂದ ಎಂದು ತಿಳಿಯದೆ ಹೋಗುತ್ತದೆ.

ಸಂಡಾಸಿಗೆ ಒಂದೇ ಜಾಗಕ್ಕೆ, ಹಗ್ಗ ಹಾಕಿಯೇ ಕರೆದೊಯ್ಯಿರಿ. ಸುಮ್ಮನೆ ಮೇಲಿಂದ ನೋಡಿದರೆ ಚೂರು ಕಾಣುವುದಿಲ್ಲ. ಕೈಗೆ ಗ್ಲೌಸ್ ಹಾಕಿ, ಹಳೆಯ ಪ್ಲಾಸ್ಟಿಕ್ ಜರಡಿಗೆ ಹಾಕಿ ಮೇಲಿಂದ ನೀರು ಬಿಡುತ್ತ ಕಡ್ಡಿಯಿಂದ ಕದಡಿ. ಮಲ ಕರಗಿ ಹೋದ ಮೇಲೆ ಜರಡಿಯಲ್ಲಿ ಉಳಿಯುವ ಹಳದಿ ರಬ್ಬರ್ ಚೂರಿಗಾಗಿ ಮೂರು ದಿನ ಕಾದಿರುತ್ತೀರಿ. ಸಿಕ್ಕಿದ್ದನ್ನು ತೊಳೆದು, ಮೊದಲ ದಿನ ತೆಗೆದ ಫೋಟೋದ ಖಾಲಿ ಜಾಗಕ್ಕೆ ಹೊಂದಿಸಿ ನೋಡಿ. ಅರ್ಧ ಮಾತ್ರ ಬಂದಿದ್ದರೆ ಇನ್ನರ್ಧ ಒಳಗಿದೆ. ಮಕ್ಕಳನ್ನು ಈ ಕೆಲಸಕ್ಕೆ ಬಿಡಬೇಡಿ, ಕುನ್ನಿಯ ಮಲದಲ್ಲಿ ಮನುಷ್ಯರಿಗೆ ಹತ್ತುವ ಹುಳುವಿನ ಮೊಟ್ಟೆ ಇರುತ್ತದೆ.

ಒಂದು ಚೀಟಿಯಲ್ಲಿ ಬರೆಯುತ್ತ ಹೋಗಿ: ಎಷ್ಟಕ್ಕೆ ಊಟ, ಎಷ್ಟಕ್ಕೆ ನೀರು, ವಾಂತಿ, ಮಲ. ಆರು ತಾಸಿಗೊಮ್ಮೆ ವಸಡು ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ಮರಳಬೇಕು. ಹೆಗಲ ಮೇಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರೆ ತಟ್ಟನೆ ಕೂರಬೇಕು, ಗುಡಾರದಂತೆ ನಿಂತರೆ ನೀರು ಕಡಿಮೆಯಾಗಿದೆ. ಗುದದಲ್ಲಿ ಇಟ್ಟ ಥರ್ಮಾಮೀಟರ್ 101ರಿಂದ 102.5 ಫ್ಯಾರನ್‌ಹೀಟ್ ತೋರಿಸಿದರೆ ಸಹಜ.

ಕಾಯುವುದನ್ನು ಬಿಟ್ಟು ಹೊರಡಬೇಕಾದ ಗುರುತುಗಳು ಇವು. ಒಂದಕ್ಕಿಂತ ಹೆಚ್ಚು ಸಲ ವಾಂತಿ. ಕುಡಿದ ನೀರೂ ಕೆಲವೇ ನಿಮಿಷದಲ್ಲಿ ಹೊರಬರುವುದು. ಜೊಲ್ಲು ಸುರಿಸುತ್ತ ಪದೇ ಪದೇ ನುಂಗುವುದು, ಅಂದರೆ ಚೂರು ಅನ್ನನಾಳದಲ್ಲೇ ನಿಂತಿರಬಹುದು. ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ಇಟ್ಟು ಹಿಂಭಾಗ ಎತ್ತಿ ನಿಲ್ಲುವುದು: ಆಟಕ್ಕೆ ಕರೆಯುವಾಗಲೂ ಕುನ್ನಿ ಹೀಗೇ ಮಾಡುತ್ತದೆ, ಆದರೆ ಆಗ ಬಾಲ ಆಡುತ್ತದೆ, ಕಣ್ಣು ನಿಮ್ಮ ಮೇಲಿರುತ್ತದೆ. ನೋವಿನಲ್ಲಿ ಆ ಭಂಗಿಯಲ್ಲೇ ಸುಮ್ಮನೆ ನಿಂತುಬಿಡುತ್ತದೆ, ಹೊಟ್ಟೆ ಮುಟ್ಟಿದರೆ ಬಿಗಿಯುತ್ತದೆ. ಮಲಕ್ಕೆ ಕೂತು ಮುಕ್ಕಿ ಏನೂ ಬಾರದಿರುವುದು, ಅಥವಾ ಡಾಂಬರಿನಂತೆ ಕಪ್ಪು ಮಲ. ಎರಡು ಹೊತ್ತಿನ ಊಟ ಬಿಡುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಅವತ್ತೇ. ಬೆಳಗಾಗಲಿ ಎಂದು ಕೂರಬೇಡಿ.

ಮೂರು ದಿನ ಕಳೆದೂ ಚೂರು ಬರದೆ, ಕುನ್ನಿ ಮಾತ್ರ ಆಡಿಕೊಂಡಿದ್ದರೆ ಮತ್ತೆ ಎಕ್ಸ್‌ರೇ ಆಗಬೇಕು. ದೊಡ್ಡ ಚೂರು ಜಠರದಲ್ಲೇ ವಾರಗಟ್ಟಲೆ ಉರುಳಾಡುತ್ತಿದ್ದು, ಒಂದು ದಿನ ಕರುಳಿನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆಪರೇಷನ್ ಆದ ಮೇಲೆ

ಜಠರ ತೆರೆದು ತೆಗೆದದ್ದು ಬೇಗ ಮಾಯುತ್ತದೆ. ಕರುಳು ಕೊಯ್ದು ಹೊಲಿದದ್ದಕ್ಕೆ ಮೂರರಿಂದ ಐದನೇ ದಿನ ನಾಜೂಕಿನದು, ಹೊಲಿಗೆ ಸೋರುವುದಿದ್ದರೆ ಆಗಲೇ. ಎರಡನೇ ದಿನ ಚುರುಕಾಗಿದ್ದ ಮರಿ ನಾಲ್ಕನೇ ದಿನ ಮತ್ತೆ ಮುದುಡಿ ಮಲಗಿದರೆ, ಜ್ವರ ಬಂದರೆ, ವಾಂತಿ ಮರಳಿದರೆ ಆ ಹೊತ್ತೇ ಆಪರೇಷನ್ ಮಾಡಿದವರಿಗೆ ತೋರಿಸಿ. ಊಟ ವೈದ್ಯರು ಹೇಳಿದ ಹೊತ್ತಿಗೆ, ಹೇಳಿದಷ್ಟೇ. ಕೊರಳಿಗೆ ಹಾಕಿದ ಕೊಳವೆಯಂಥ ಕಾಲರನ್ನು ಪಾಪ ಎಂದು ಬಿಚ್ಚಬೇಡಿ, ಐದು ನಿಮಿಷ ಸಾಕು ಹೊಲಿಗೆ ಕಿತ್ತುಕೊಳ್ಳಲು. ಹೊರಗಿನ ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಅಲ್ಲಿಯವರೆಗೆ ಮೆಟ್ಟಿಲು, ಜಿಗಿತ, ಸ್ನಾನ ಇಲ್ಲ.

ಮುಂದೆ ಯಾವ ಆಟಿಕೆ

ಮೂರರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ಕಚ್ಚುವ ಚಟ ಆಗ ಏರಿರುತ್ತದೆ. ಕುನ್ನಿಯ ಬಾಯಿಯೊಳಗೆ ಇಡಿಯಾಗಿ ಹೋಗಬಲ್ಲ ಯಾವ ಆಟಿಕೆಯೂ ಬೇಡ. ಈ ತಿಂಗಳು ದೊಡ್ಡದಾಗಿದ್ದ ಚೆಂಡು ಮುಂದಿನ ತಿಂಗಳು ಸಣ್ಣದಾಗುತ್ತದೆ, ತಿಂಗಳಿಗೊಮ್ಮೆ ಬಾಯಿಯ ಪಕ್ಕ ಹಿಡಿದು ಅಳೆಯಿರಿ. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗು ಬೀಳಬೇಕು, ಬೀಳದಷ್ಟು ಗಟ್ಟಿಯಿದ್ದರೆ ಹಲ್ಲು ಮುರಿಯುತ್ತದೆ. ಗುಂಡಿ ಕಣ್ಣು, ರಿಬ್ಬನ್ ಇರುವ ಗೊಂಬೆಯ ಅವನ್ನು ಕಿತ್ತೇ ಕೊಡಿ. ಹಗ್ಗದ ಆಟಿಕೆಯಿಂದ ಒಂದು ಎಳೆ ಬಿಚ್ಚಿಕೊಂಡ ದಿನವೇ ಎಸೆಯಿರಿ. ಮಕ್ಕಳ ಜಾತ್ರೆಯ ಆಟಿಕೆಗಳು ಕುನ್ನಿಯ ಬಾಯಿಗೆ ಎಟುಕದ ಮಾಡಿನಲ್ಲಿರಲಿ. ಹಲ್ಲಿನ ತುರಿಕೆಗೆ ಉಪ್ಪು, ಎಳ್ಳು ಹಚ್ಚದ ಖಡಕ್ ಜೋಳದ ರೊಟ್ಟಿಯ ಒಂದು ತುಂಡು ಒಳ್ಳೆಯದು, ನುಂಗಿದರೂ ಹೊಟ್ಟೆಯಲ್ಲಿ ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ದಪ್ಪ ಗಜ್ಜರಿಯನ್ನು ನೀವು ಒಂದು ತುದಿ ಹಿಡಿದು ಕಚ್ಚಿಸಬಹುದು.

ಕೊನೆಯದಾಗಿ ಬಿಡಿಸುವ ಅಭ್ಯಾಸ. ಬಹಳಷ್ಟು ಕುನ್ನಿಗಳು ಚೂರನ್ನು ನುಂಗುವುದು ಹಸಿವಿಗಲ್ಲ, ನೀವು ಕಿತ್ತುಕೊಳ್ಳಲು ಓಡಿ ಬಂದಿರಿ ಎಂಬ ಭಯಕ್ಕೆ. ಬಾಯಲ್ಲಿ ಬೇಡದ್ದು ಕಂಡರೆ ಕೂಗಬೇಡಿ, ಬೆನ್ನಟ್ಟಬೇಡಿ. ಕೈಯಲ್ಲಿ ಕೋಳಿಯ ತುಂಡೋ ಮೊಟ್ಟೆಯ ತುಂಡೋ ಹಿಡಿದು ಅದರ ಮೂಗಿನ ಹತ್ತಿರ ತನ್ನಿ, "ಬಿಡು" ಎನ್ನಿ. ಬಾಯಿ ತೆರೆದ ಕೂಡಲೇ ತಿನಿಸು ಕೊಟ್ಟು, ಅದು ತಿನ್ನುತ್ತಿರುವಾಗ ಇನ್ನೊಂದು ಕೈಯಿಂದ ಚೂರು ತೆಗೆಯಿರಿ. ಅಪಾಯವಿಲ್ಲದ ಆಟಿಕೆಯೊಂದಿಗೆ ದಿನಕ್ಕೆ ಐದು ಸಲ ಹೀಗೆ ಮಾಡಿಸಿ, ನಾಲ್ಕು ಸಲ ಆಟಿಕೆಯನ್ನೂ ಅದಕ್ಕೇ ವಾಪಸ್ ಕೊಡಿ.